ಸೆಕೆಂಡ್ ಹ್ಯಾಂಡ್ ಮಾರುತಿ: ಯಾವ ಎಂಜಿನ್, ಯಾವ ವರ್ಷ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಸಾಕಾಣಿಕೆ. ಮನೆಗೆ ಇದೇ ಮೊದಲ ಕಾರು. ಸೆಕೆಂಡ್ ಹ್ಯಾಂಡ್ ಮಾರುತಿಯೇ ಇರಲಿ ಎಂದು ತೀರ್ಮಾನಿಸಿದ್ದೇವೆ. ಬಜೆಟ್ 4 ಲಕ್ಷ. ಗೂಡು ಮಾರ್ಕೆಟ್, ಚಿಕ್ಕಬಳ್ಳಾಪುರ, ತಿಂಗಳಿಗೆ ಎರಡು ಸಲ ಅಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವುದು, ಎಲ್ಲ ಸೇರಿ 800–900 ಕಿ.ಮೀ. ಆಗುತ್ತದೆ. ಮೂರು ಗಾಡಿ ನೋಡಿದ್ದೇವೆ. 2013ರ ಸ್ವಿಫ್ಟ್ ಡೀಸೆಲ್ ವಿಡಿಐ, 1,18,000 ಕಿ.ಮೀ. 2015ರ ವ್ಯಾಗನ್ ಆರ್ ವಿಎಕ್ಸ್‌ಐ, 62,000 ಕಿ.ಮೀ. 2016ರ ಸೆಲೆರಿಯೊ ಆಟೋಮ್ಯಾಟಿಕ್, 48,000 ಕಿ.ಮೀ. ನಮ್ಮ ಭಾವ ಡೀಸೆಲ್ ಸ್ವಿಫ್ಟೇ ಗಟ್ಟಿ ಎನ್ನುತ್ತಾರೆ. ಮಾರುತಿಯಲ್ಲಿ ಯಾವ ಮಾಡೆಲ್, ಯಾವ ವರ್ಷ ನಂಬಬಹುದು?

ಉತ್ತರ: ನಿಮ್ಮ ಭಾವನವರಿಗೂ ನನಗೂ ಜಗಳ ಹಚ್ಚಬೇಡಿ. ಆದರೆ ಈ ಮೂರರಲ್ಲಿ ನಾನು ಮೊದಲು ಪಕ್ಕಕ್ಕಿಡುವುದು ಆ ಡೀಸೆಲ್ ಸ್ವಿಫ್ಟನ್ನೇ. ಅದು ಕೆಟ್ಟ ಗಾಡಿ ಅಂತಲ್ಲ. ನಿಮ್ಮ ಓಡಾಟಕ್ಕೆ ಅದು ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಚಿಕ್ಕಬಳ್ಳಾಪುರದಲ್ಲಿ ಗ್ಯಾರೇಜು ನಡೆಸಿದ್ದೇನೆ. ಬರುವವರೆಲ್ಲ ಕೇಳುವುದು ಒಂದೇ: 'ಸ್ವಿಫ್ಟ್ ಒಳ್ಳೇದಾ, ವ್ಯಾಗನ್ ಆರ್ ಒಳ್ಳೇದಾ?' ಮಾರುತಿ ವಿಷಯದಲ್ಲಿ ಹೀಗೆ ಕೇಳಿದರೆ ಅರ್ಧ ಉತ್ತರವೇ ಸಿಗುವುದು. ಒಂದೇ ಹಿಟ್ಟಿನಲ್ಲಿ ಇಡ್ಲಿ, ದೋಸೆ, ಪಡ್ಡು ಮಾಡುವ ಮನೆ ಅದು. ಹೊರಗಿನ ಆಕಾರ ಬೇರೆ, ಬಾನೆಟ್ ಎತ್ತಿದರೆ ಒಳಗಿರುವ ಎಂಜಿನ್ ಅದೇ. ನೀವು ನೋಡಿರುವ ವ್ಯಾಗನ್ ಆರ್ ಮತ್ತು ಸೆಲೆರಿಯೊ ಎರಡರಲ್ಲೂ ಇರುವುದು ಕೆ10ಬಿ ಎನ್ನುವ 998 ಸಿಸಿ, ಮೂರು ಸಿಲಿಂಡರ್ ಎಂಜಿನ್. ಅದು 2008ರಲ್ಲಿ ಎ-ಸ್ಟಾರ್ ಜೊತೆ ಬಂತು. 2010ರಲ್ಲಿ ವ್ಯಾಗನ್ ಆರ್‌ಗೂ ಆಲ್ಟೊ ಕೆ10ಗೂ ಹೋಯಿತು. 2014ರಲ್ಲಿ ಸೆಲೆರಿಯೊಗೆ. ಹಾಗಾಗಿ ಮೊದಲು ಎಂಜಿನ್ ಯಾವುದು ಅಂತ ಕೇಳಿ, ಆಮೇಲೆ ಗಾಡಿಯ ಹೆಸರು.

ಸ್ವಿಫ್ಟ್‌ನಿಂದಲೇ ಶುರು ಮಾಡೋಣ. ಅದರ ವರ್ಷಗಳಲ್ಲಿ ನಿಜವಾದ ತಿರುವುಗಳಿವೆ.

2005ರಲ್ಲಿ ಬಂದ ಮೊದಲ ಸ್ವಿಫ್ಟ್ ಪೆಟ್ರೋಲ್‌ನಲ್ಲಿ ಇದ್ದದ್ದು ಎಸ್ಟೀಮ್ ಕುಟುಂಬದ 1.3 ಲೀಟರ್ ಎಂಜಿನ್. ಗಟ್ಟಿ, ಆದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಅದರಲ್ಲಿ ಟೈಮಿಂಗ್ ಬೆಲ್ಟ್ ಇದೆ, ಸಮಯಕ್ಕೆ ಬದಲಿಸಬೇಕು. ಈಗ ಆ ಗಾಡಿಗಳಿಗೆಲ್ಲ 15 ವರ್ಷ ದಾಟಿದೆ. ನಿಮಗೆ ಬೇಡ, ಬಿಡಿ.

2010ರಲ್ಲಿ ದೊಡ್ಡ ಬದಲಾವಣೆ ಆಯಿತು. ಸ್ವಿಫ್ಟ್ ಮತ್ತು ಡಿಸೈರ್ ಎರಡಕ್ಕೂ ಕೆ12ಎಂ ಎನ್ನುವ 1.2 ಲೀಟರ್, ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ಬಂತು. ಅದಕ್ಕೆ ಒಂದು ವರ್ಷ ಮೊದಲೇ ರಿಟ್ಜ್‌ನಲ್ಲಿ ಅದು ಓಡುತ್ತಿತ್ತು. ಮಾರುತಿಯಲ್ಲಿ ಕಣ್ಣು ಮುಚ್ಚಿ ನಂಬಬಹುದಾದ ಒಂದು ಎಂಜಿನ್ ಹೇಳಿ ಎಂದರೆ ನಾನು ಹೇಳುವುದು ಇದನ್ನೇ. ಬೆಲ್ಟ್ ಇಲ್ಲ, ಚೈನ್ ಇದೆ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ. ಹೊತ್ತಿಗೆ ಆಯಿಲ್ ಬದಲಿಸಿದರೆ ಎರಡು ಲಕ್ಷ ಕಿ.ಮೀ. ಆದರೂ ಹೆಡ್ ಬಿಚ್ಚದೆ ಓಡುತ್ತಿರುವ ಗಾಡಿಗಳನ್ನು ನೋಡಿದ್ದೇನೆ. ಇಗ್ನಿಷನ್ ಕಾಯಿಲ್ ಹೋಗಿ ಒಂದು ಸಿಲಿಂಡರ್ ಮಿಸ್ ಹೊಡೆಯುವುದು, ಎಂಜಿನ್ ಮೌಂಟಿಂಗ್ ಕುಸಿದು ನಡುಕ ಬರುವುದು ಇದೆ. ಇವೆಲ್ಲ ಅರ್ಧ ದಿನದ ಕೆಲಸ.

2011ರ ಆಗಸ್ಟ್‌ನಲ್ಲಿ ಎರಡನೇ ತಲೆಮಾರಿನ ಸ್ವಿಫ್ಟ್ ಬಂತು, ಎಂಜಿನ್ ಅದೇ. 2014ರ ಕೊನೆಯಲ್ಲಿ ಮುಖ ಸ್ವಲ್ಪ ತಿದ್ದಿದರು. ನನ್ನ ಕಣ್ಣಿಗೆ 2015, 2016, 2017ರ ಪೆಟ್ರೋಲ್ ಸ್ವಿಫ್ಟೇ ಈ ಸಾಲಿನಲ್ಲಿ ಮಾಗಿದ ಹಣ್ಣು. ಏಳೆಂಟು ವರ್ಷ ಮಾಡಿ ಮಾಡಿ ಕೈ ಕುದುರಿದ ಗಾಡಿ ಅದು. ನಮ್ಮ ಹಳ್ಳಿ ರಸ್ತೆಗಳಲ್ಲಿ ಮುಂದಿನ ಲೋವರ್ ಆರ್ಮ್ ಬುಷ್, ಲಿಂಕ್ ರಾಡ್ ಬೇಗ ಸವೆದು ಟಕ್ ಟಕ್ ಎನ್ನುತ್ತವೆ. ಅದಕ್ಕೆ ಹೆದರಬೇಡಿ. ಬೆಲೆ ಚೌಕಾಸಿಗೆ ಬಳಸಿಕೊಳ್ಳಿ.

ಹೆದರಬೇಕಾದ್ದು ಬೇರೆ ಇದೆ. ಎರಡನೇ ತಲೆಮಾರಿನ ಸ್ವಿಫ್ಟ್‌ನ ಎಷ್ಟೋ ಗಾಡಿಗಳಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಹೆಚ್ಚಾಗಿ ಮೇಲಿನ ವೇರಿಯಂಟ್‌ಗಳಲ್ಲೇ ಇದ್ದವು. 2014ರಲ್ಲಿ, ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ನವರು ಏರ್‌ಬ್ಯಾಗ್ ಇಲ್ಲದ ಸ್ವಿಫ್ಟನ್ನು ಗುದ್ದಿಸಿ ನೋಡಿದಾಗ ದೊಡ್ಡವರ ರಕ್ಷಣೆಗೆ ಸೊನ್ನೆ ಸ್ಟಾರ್ ಸಿಕ್ಕಿತು. ಆಸ್ಪತ್ರೆಗೆ ಹೋಗಲು ನೀವು ಹಿಡಿಯುವುದು ಹೈದರಾಬಾದ್ ಹೆದ್ದಾರಿಯನ್ನು. ದೇವನಹಳ್ಳಿ ಕಡೆ ಯಾವ ವೇಗದಲ್ಲಿ ಗಾಡಿಗಳು ಓಡುತ್ತವೆ ಅಂತ ನಿಮಗೇ ಗೊತ್ತಲ್ವಾ. ಆದ್ದರಿಂದ ಮ್ಯೂಸಿಕ್ ಸಿಸ್ಟಮ್ ನೋಡುವ ಮೊದಲು ಸ್ಟೀರಿಂಗ್ ಮೇಲೆ, ಡ್ಯಾಶ್‌ಬೋರ್ಡ್ ಮೇಲೆ ಏರ್‌ಬ್ಯಾಗ್ ಗುರುತು ಇದೆಯೇ ನೋಡಿ. ಕೀ ಆನ್ ಮಾಡಿದಾಗ ಆ ದೀಪ ಹತ್ತಿ ಆರಬೇಕು. ಹತ್ತಲೇ ಇಲ್ಲ ಎಂದರೆ ಯಾರೋ ದೀಪ ಕಿತ್ತಿದ್ದಾರೆ ಎಂದು ಅನುಮಾನಪಡಿ.

2018ರ ಫೆಬ್ರವರಿಯಲ್ಲಿ ಬಂದ ಮೂರನೇ ತಲೆಮಾರಿನಲ್ಲಿ ಎಲ್ಲ ವೇರಿಯಂಟ್‌ಗೂ ಎರಡು ಏರ್‌ಬ್ಯಾಗ್, ಎಬಿಎಸ್ ಕೊಟ್ಟರು. ಹಾಗಂತ ಅದು ಕೋಟೆ ಅಲ್ಲ. ಅದೇ ವರ್ಷದ ಪರೀಕ್ಷೆಯಲ್ಲಿ ಎರಡು ಸ್ಟಾರ್ ಬಂತು, ಅಷ್ಟೇ. ಆದರೆ ಸೊನ್ನೆಗೂ ಎರಡಕ್ಕೂ ವ್ಯತ್ಯಾಸ ಇದೆ. ನಿಮ್ಮ ಬಜೆಟ್ ಸ್ವಲ್ಪ ಹಿಗ್ಗುವುದಾದರೆ 2018ರ ನಂತರದ ಪೆಟ್ರೋಲ್ ಸ್ವಿಫ್ಟ್ ಹುಡುಕಿ. ಒಂದು ಎಚ್ಚರಿಕೆ: ಅದರ ಮೊದಲ ತಿಂಗಳುಗಳ ಗಾಡಿಗಳಿಗೆ ರೀಕಾಲ್ ಆಗಿತ್ತು, ಅಂದರೆ ದೋಷ ಸರಿಪಡಿಸಲು ಕಂಪನಿಯೇ ವಾಪಸ್ ಕರೆದಿತ್ತು. 2017ರ ಡಿಸೆಂಬರ್ 1ರಿಂದ 2018ರ ಮಾರ್ಚ್ 16ರವರೆಗೆ ತಯಾರಾದ 52,686 ಸ್ವಿಫ್ಟ್ ಮತ್ತು ಬಲೆನೊಗಳ ಬ್ರೇಕ್ ವ್ಯಾಕ್ಯೂಮ್ ಹೋಸ್ ತಪಾಸಣೆಗೆ ಕರೆದರು. ಅದೇ ವರ್ಷ ಜುಲೈನಲ್ಲಿ 1,279 ಸ್ವಿಫ್ಟ್, ಡಿಸೈರ್‌ಗಳನ್ನು ಏರ್‌ಬ್ಯಾಗ್ ಕಂಟ್ರೋಲರ್‌ಗಾಗಿ ಕರೆದರು. ಯಾವುದೇ ಹೊಸ ಮಾಡೆಲ್‌ನ ಮೊದಲ ಆರು ತಿಂಗಳ ಗಾಡಿ ನಾನು ಕೊಳ್ಳದಿರುವುದು ಇದಕ್ಕೇ. 2021ರಲ್ಲಿ ಮತ್ತೆ ಎಂಜಿನ್ ಬದಲಾಗಿ 90 ಪಿಎಸ್‌ನ ಡ್ಯುಯಲ್‌ಜೆಟ್ ಬಂತು. ಅದೂ ಒಳ್ಳೆಯದೇ. ನಿಮ್ಮ ಬಜೆಟ್‌ಗೆ ಸಿಗುವುದಿಲ್ಲ.

ಈಗ ಭಾವನವರ ಡೀಸೆಲ್‌ಗೆ ಬರೋಣ. ಆ 1.3 ಲೀಟರ್ ಡೀಸೆಲ್ ಎಂಜಿನ್ ಮೂಲದಲ್ಲಿ ಫಿಯೆಟ್‌ನದು. ಸ್ವಿಫ್ಟ್‌ಗೆ 2007ರಲ್ಲಿ ಬಂತು. ಆಮೇಲೆ ಡಿಸೈರ್, ರಿಟ್ಜ್, ಎರ್ಟಿಗಾ, ಸಿಯಾಜ್, ಬ್ರೆಜ್ಜಾ, ಬಲೆನೊ ಎಲ್ಲದರಲ್ಲೂ ಓಡಿತು. ಟಾಟಾದವರ ವಿಸ್ಟಾದಲ್ಲೂ ಇತ್ತು. ದೇಶದ ಡೀಸೆಲ್ ಎಂಜಿನ್ ಎಂದೇ ತಮಾಷೆ ಮಾಡುತ್ತಿದ್ದರು. ಭಾವ ಗಟ್ಟಿ ಎಂದದ್ದು ಸುಳ್ಳಲ್ಲ. ತಿಂಗಳಿಗೆ 2,500–3,000 ಕಿ.ಮೀ. ಹೈವೇಯಲ್ಲಿ ಓಡಿಸುವವರಿಗೆ ಅದು ಚಿನ್ನ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲನ್ನೇ ಕೈಬಿಟ್ಟಿತು. ಆದರೂ ಸ್ಪೇರ್ ಪಾರ್ಟ್ಸ್‌ಗೆ ಈಗಲೂ ಕೊರತೆಯಿಲ್ಲ.

ನಿಮ್ಮ ಲೆಕ್ಕ ಬೇರೆ. ತಿಂಗಳಿಗೆ 900 ಕಿ.ಮೀ. ಎಂದರೆ ಪೆಟ್ರೋಲ್ ಗಾಡಿ ಲೀಟರ್‌ಗೆ 16 ಕೊಟ್ಟರೆ 56 ಲೀಟರ್ ಬೇಕು. ಡೀಸೆಲ್ 20 ಕೊಟ್ಟರೆ 45 ಲೀಟರ್. ಪೆಟ್ರೋಲ್ ನೂರರ ಮೇಲೆ, ಡೀಸೆಲ್ ತೊಂಬತ್ತರ ಆಸುಪಾಸು ಎಂದು ಹಿಡಿದರೆ ಉಳಿಯುವುದು ತಿಂಗಳಿಗೆ ಸಾವಿರದ ಐನೂರು, ಆರುನೂರು ರೂಪಾಯಿ. ಆ ಉಳಿತಾಯವನ್ನು ಒಂದು ಡಬ್ಬಿಯಲ್ಲಿ ಹಾಕಿಡಿ, ಯಾಕೆಂದರೆ 1,18,000 ಕಿ.ಮೀ. ಓಡಿದ ಡೀಸೆಲ್‌ನಲ್ಲಿ ಕ್ಲಚ್, ಇಂಜೆಕ್ಟರ್, ಟರ್ಬೊ ಮೂರೂ ಬಾಗಿಲ ಹೊರಗೆ ಕಾಯುತ್ತಿರುತ್ತವೆ. ಇವುಗಳಲ್ಲಿ ಎರಡು ಒಟ್ಟಿಗೆ ಒಳಗೆ ಬಂದರೆ ಡಬ್ಬಿ ಖಾಲಿ. ಪೆಟ್ರೋಲ್ ಗಾಡಿಯಲ್ಲಿ ಟರ್ಬೊನೂ ಇಲ್ಲ, ಅಂಥ ಇಂಜೆಕ್ಟರೂ ಇಲ್ಲ.

ಇನ್ನೊಂದು ಮಾತು ಹಳ್ಳಿಯವರಿಗೇ ಹೇಳಬೇಕಾದ್ದು. ಟ್ರ್ಯಾಕ್ಟರ್‌ಗೆ ಅಂತ ಕ್ಯಾನಿನಲ್ಲಿ ತಂದಿಟ್ಟ ಡೀಸೆಲನ್ನು ಅರ್ಜೆಂಟಿಗೆ ಕಾರಿಗೂ ಸುರಿಯುತ್ತಾರೆ. ಹಳೇ ಟ್ರ್ಯಾಕ್ಟರ್ ಅದನ್ನು ಜೀರ್ಣಿಸಿಕೊಳ್ಳುತ್ತದೆ. ಈ ಎಂಜಿನ್‌ನ ಇಂಜೆಕ್ಟರ್ ತೂತು ಕೂದಲೆಳೆಯಂಥದು. ಕ್ಯಾನಿನ ತಳದ ಧೂಳು, ನೀರಿನ ಪಸೆ ಹೋದರೆ ಮುಗಿಯಿತು. ನಮ್ಮ ಕಡೆಯ ಡೀಸೆಲ್ ಸ್ವಿಫ್ಟ್‌ಗಳಲ್ಲಿ ನಾನು ಬಿಚ್ಚಿದ ಎಷ್ಟೋ ಇಂಜೆಕ್ಟರ್‌ಗಳ ಸಾವಿಗೆ ಕಾರಣ ಕಂಪನಿ ಅಲ್ಲ, ಕ್ಯಾನು. ನೀವು ನೋಡಿದ ಸ್ವಿಫ್ಟ್ ಯಾವ ಕ್ಯಾನಿನ ಡೀಸೆಲ್ ಕುಡಿದಿದೆ ಅಂತ ಮೀಟರ್ ಹೇಳುವುದಿಲ್ಲ. ಜೊತೆಗೆ 2013ರ ಗಾಡಿಯ ಆರ್‌ಸಿ 2028ಕ್ಕೆ ಮುಗಿಯುತ್ತದೆ. ಆಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕು, ಶುಲ್ಕವೇ 5,000 ರೂಪಾಯಿ. 2010ರಿಂದ 2013ರ ನಡುವಿನ 69,555 ಡೀಸೆಲ್ ಡಿಸೈರ್, ಸ್ವಿಫ್ಟ್, ರಿಟ್ಜ್‌ಗಳಿಗೆ ವೈರಿಂಗ್ ರೀಕಾಲ್ ಕೂಡ 2014ರಲ್ಲಿ ಆಗಿತ್ತು. ಭಾವನವರಿಗೆ ಆ ಗಾಡಿ ಅಷ್ಟು ಇಷ್ಟವಾದರೆ ಅವರೇ ಕೊಳ್ಳಲಿ!

ವ್ಯಾಗನ್ ಆರ್ ಬಗ್ಗೆ ಉದ್ದ ಮಾತು ಬೇಕಿಲ್ಲ. 2010ರಿಂದ 2018ರವರೆಗಿನ ಆ ಡಬ್ಬಿ ಆಕಾರದ ಗಾಡಿಯಲ್ಲಿ ಕೆಡುವಂಥದ್ದು ಬಹಳ ಕಡಿಮೆ. ಸೀಟು ಎತ್ತರಕ್ಕಿದೆ, ಅಮ್ಮನಿಗೆ ಮಂಡಿ ಬಗ್ಗಿಸದೆ ಹತ್ತಿ ಇಳಿಯಲು ಸಲೀಸು. ಇದು ಸಣ್ಣ ವಿಷಯ ಅಲ್ಲ. ಗಾಳಿ ಜೋರಾದಾಗ ಹೈವೇಯಲ್ಲಿ ಸ್ವಲ್ಪ ಓಲಾಡುತ್ತದೆ, 80–90ರಲ್ಲಿ ಹೋದರೆ ತೊಂದರೆಯಿಲ್ಲ. ಏರ್‌ಬ್ಯಾಗ್, ಎಬಿಎಸ್ ಇದೆಯೇ ಎಂಬ ಪ್ರಶ್ನೆ ಇಲ್ಲೂ ಕೇಳಿ. ಬೇಕೆಂದವರಿಗೆ ಮಾತ್ರ ಕೊಡುತ್ತಿದ್ದರು. ಸಿಕ್ಕರೆ ಹತ್ತಿಪ್ಪತ್ತು ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಸೆಲೆರಿಯೊ ಆಟೋಮ್ಯಾಟಿಕ್ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ದೇಶದಲ್ಲಿ ಎಎಂಟಿ ಬಂದ ಮೊದಲ ಕಾರೇ ಅದು, 2014ರಲ್ಲಿ. ಹೆಸರು ಆಟೋಮ್ಯಾಟಿಕ್, ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಮಾಮೂಲಿ ಕ್ಲಚ್ ಪ್ಲೇಟೇ. ನಿಮ್ಮ ಎಡಗಾಲಿನ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೇ. ಹಾಗಾಗಿ ಕ್ಲಚ್ ಸವೆಯುವುದೂ ಅದೇ ರೀತಿ. ಏರಿನಲ್ಲಿ ಬ್ರೇಕ್ ಒತ್ತದೆ, ಆಕ್ಸಿಲರೇಟರ್ ಮೇಲೆಯೇ ಗಾಡಿ ನಿಲ್ಲಿಸುವ ಅಭ್ಯಾಸ ಇದ್ದ ಮಾಲೀಕನ ಕೈಯಲ್ಲಿ ಓಡಿದ್ದರೆ ಕ್ಲಚ್ ಆಗಲೇ ಸುಟ್ಟಿರುತ್ತದೆ. ಕ್ಲಚ್ ಆದರೂ ಪರವಾಗಿಲ್ಲ. ಆ ಯಂತ್ರ, ಅಂದರೆ ಆಕ್ಚುಯೇಟರ್, ಕೈಕೊಟ್ಟರೆ ಖರ್ಚು ದೊಡ್ಡದು, ಮತ್ತು ರಸ್ತೆಬದಿ ಮೆಕ್ಯಾನಿಕ್‌ಗೆ ಅದು ಬರುವುದಿಲ್ಲ. ಶಿಡ್ಲಘಟ್ಟದಲ್ಲಿ ನಿಂತ ಗಾಡಿಯನ್ನು ಬೆಂಗಳೂರಿಗೆ ಟೋ ಮಾಡಿಸಬೇಕಾದೀತು. ಹೆಬ್ಬಾಳದ ಟ್ರಾಫಿಕ್‌ನಲ್ಲಿ ಅದರ ಸುಖ ಬೇರೆಯೇ, ಒಪ್ಪುತ್ತೇನೆ. ನೀವು ಹೋಗುವುದು ತಿಂಗಳಿಗೆ ಎರಡು ಸಲ.

ನಿಮ್ಮ ಬ್ರೋಕರ್ ಇನ್ನೇನಾದರೂ ತೋರಿಸಬಹುದು, ಅದಕ್ಕೂ ಎರಡು ಮಾತು. 2015ರಲ್ಲಿ ಬಂದ ಸೆಲೆರಿಯೊ ಡೀಸೆಲ್, 793 ಸಿಸಿ, ಎರಡೇ ಸಿಲಿಂಡರ್: ಉಚಿತವಾಗಿ ಕೊಟ್ಟರೂ ಯೋಚಿಸಿ. ಎರಡು ವರ್ಷದಲ್ಲಿ ಕಂಪನಿಯೇ ನಿಲ್ಲಿಸಿತು. ಎಸ್-ಕ್ರಾಸ್ 1.6 ಡೀಸೆಲ್: ಓಡಿಸಲು ಹಬ್ಬ, ರಿಪೇರಿಗೆ ಸಾಲ. 2012ರಿಂದ 2018ರ ಎರ್ಟಿಗಾ ಪೆಟ್ರೋಲ್: ಮನೆಯಲ್ಲಿ ಏಳು ಜನ ಇದ್ದರೆ ಒಳ್ಳೆಯದು. ಆದರೆ ಬಾಡಿಗೆಗೆ ದುಡಿದ ಗಾಡಿಯೋ ಅಂತ ನೋಡಿ. ಡಿಸೈರ್‌ಗೂ ಇದೇ ಅನ್ವಯ. ಯೆಲ್ಲೋ ಬೋರ್ಡಿನಿಂದ ವೈಟ್ ಬೋರ್ಡಿಗೆ ಬದಲಾದ ಗಾಡಿಗೆ ಮೀಟರ್ ತಿರುಗಿಸಿ 70,000 ಎಂದು ತೋರಿಸುವುದು ಹೊಸತಲ್ಲ. ನಂಬರ್ ಪ್ಲೇಟ್ ಮೂಲೆಯಲ್ಲಿ, ಬಾಗಿಲ ಒಳಅಂಚಿನಲ್ಲಿ ಹಳದಿ ಬಣ್ಣದ ಕುರುಹು ಹುಡುಕುವುದಕ್ಕಿಂತ ಆರ್‌ಸಿ ಇತಿಹಾಸ ತೆಗೆಸುವುದು ಸುಲಭ.

ವರ್ಷದ ವಿಷಯದಲ್ಲಿ ಇನ್ನೊಂದು ಮೋಸ ಇದೆ. '2018 ಮಾಡೆಲ್' ಎಂದು ಮಾರುವ ಗಾಡಿ 2017ರಲ್ಲಿ ತಯಾರಾಗಿ 2018ರಲ್ಲಿ ರಿಜಿಸ್ಟರ್ ಆಗಿರಬಹುದು. ಸ್ವಿಫ್ಟ್‌ನಲ್ಲಿ ಆ ಒಂದು ವರ್ಷದ ವ್ಯತ್ಯಾಸ ಎಂದರೆ ಪೂರ್ತಿ ಬೇರೆ ಗಾಡಿ. ಆರ್‌ಸಿಯಲ್ಲಿ ತಯಾರಿಯ ತಿಂಗಳು, ವರ್ಷ ಬರೆದಿರುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಕೆಳಗೆ ಒಂದು ಚೀಟಿ ಹೊಲಿದಿರುತ್ತದೆ, ಅದರಲ್ಲೂ ಇರುತ್ತದೆ. ನಾಲ್ಕು ಬಾಗಿಲ ಗಾಜಿನ ಮೇಲಿನ ಗುರುತು ಒಂದೇ ವರ್ಷದ್ದೇ ನೋಡಿ. ಒಂದು ಗಾಜು ಬೇರೆ ವರ್ಷದ್ದಾದರೆ ಆ ಕಡೆ ಏನೋ ತಗುಲಿದೆ ಎಂದೇ ಅರ್ಥ. ಚಾಸಿಸ್ ನಂಬರ್ ಹಿಡಿದು ಮಾರುತಿ ಸರ್ವೀಸ್ ಸ್ಟೇಷನ್‌ಗೆ ಹೋಗಿ ಕೇಳಿದರೆ ಎಷ್ಟು ಕಿ.ಮೀ.ಗೆ ಯಾವಾಗ ಸರ್ವೀಸ್ ಆಗಿದೆ ಎಂದು ತಿಳಿಯುತ್ತದೆ. ರೀಕಾಲ್ ಬಾಕಿ ಇದೆಯೇ ಎಂಬುದೂ ಅದೇ ನಂಬರಿನಿಂದ ಗೊತ್ತಾಗುತ್ತದೆ, ಬಾಕಿಯಿದ್ದರೆ ಪುಕ್ಕಟೆ ಮಾಡಿಕೊಡುತ್ತಾರೆ.

ಹಿಂದೂಪುರ, ಮದನಪಲ್ಲಿ ಕಡೆಯ ಎಪಿ ಗಾಡಿ ಕಡಿಮೆಗೆ ಸಿಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದೆಹಲಿ ಗಾಡಿಯೂ ಬರುತ್ತದೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್‌ಗಳಿಗೆ ನಿರ್ಬಂಧ ಬಂದ ಮೇಲೆ ಅವು ದಕ್ಷಿಣಕ್ಕೆ ಇಳಿದವು. ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿನ ಲೈಫ್ ಟ್ಯಾಕ್ಸ್, ಓಡಾಟ ಎಲ್ಲ ಸೇರಿಸಿದರೆ ಕಡಿಮೆ ಎನ್ನುವುದು ಕರಗಿಹೋಗುತ್ತದೆ. ನಮ್ಮ ಸುತ್ತಮುತ್ತ ರಿಜಿಸ್ಟರ್ ಆದ ಕೆಎ 40, ಕೆಎ 67, ಕೆಎ 07 ಗಾಡಿಯೇ ಇರಲಿ. ಮಾಲೀಕನ ಮನೆಗೆ ಹೋಗಿ ಕಾಫಿ ಕುಡಿದು ಬರಬಹುದು. ಒಮ್ಮೆ ನಾನೇ ದೂರದ ಊರಿನ ಗಾಡಿಯನ್ನು ಒಬ್ಬ ಬ್ರೋಕರ್‌ನ ಮಾತು ನಂಬಿ ತಂದೆ. ಮೇಲೆಲ್ಲ ಹೊಳಪು. ಮೂರನೇ ವಾರ ಬಾಗೇಪಲ್ಲಿ ಟೋಲ್ ಹತ್ತಿರ ಎಂಜಿನ್ ಕಾದು ನಿಂತಿತು. ರೇಡಿಯೇಟರ್ ಬಿಚ್ಚಿದರೆ ಒಳಗೆ ಸುಣ್ಣ ಬಳಿದ ಗೋಡೆ. ಮೆಕ್ಯಾನಿಕ್ ಆಗಿದ್ದೂ ನಾನು ಮುಚ್ಚಳ ತೆಗೆದು ನೋಡಿರಲಿಲ್ಲ.

ಈ ಸುಣ್ಣದ ಮಾತೇ ನಮ್ಮ ಜಿಲ್ಲೆಯಲ್ಲಿ ಮುಖ್ಯ. ವರ್ಷವಿಡೀ ಹರಿಯುವ ನದಿ ಇಲ್ಲದ ಸೀಮೆ. ಸಾವಿರ ಅಡಿ ಕೆಳಗಿನಿಂದ ಬರುವ ಬೋರ್ ನೀರು ಎಷ್ಟು ಗಡಸು ಎಂದು ನಿಮ್ಮ ಮನೆಯ ಗೀಸರ್ ಕಾಯಿಲ್ ನೋಡಿದರೆ ಸಾಕು. ಕೂಲೆಂಟ್ ಕಡಿಮೆಯಾಯಿತು ಎಂದು ಜನ ಅದೇ ನೀರನ್ನು ಸುಮ್ನೆ ಸುರಿಯುತ್ತಾರೆ. ಒಳಗೆ ಪದರ ಕಟ್ಟುತ್ತದೆ, ಎಂಜಿನ್ ಕಾಯುತ್ತದೆ. ಕೆ10, ಕೆ12 ಎರಡೂ ಅಲ್ಯೂಮಿನಿಯಂ ಎಂಜಿನ್. ಒಮ್ಮೆ ಜೋರಾಗಿ ಕಾದರೆ ಹೆಡ್ ಬೆಂಡ್ ಆಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ನಾನು ಮೇಲೆ ಹಾಡಿ ಹೊಗಳಿದ ಎಂಜಿನ್ ಕೂಡ ಬೋರ್ ನೀರಿನ ಮುಂದೆ ಸೋಲುತ್ತದೆ. ಯಾವ ವರ್ಷ, ಯಾವ ಮಾಡೆಲ್ ಎಂದು ನಾವು ಮಾಡಿದ ಲೆಕ್ಕವೆಲ್ಲ ಅಲ್ಲಿಗೆ ಹೋಯಿತು.

ಪೆಟ್ರೋಲ್‌ನಲ್ಲಿ ಈಗ ಎಥನಾಲ್ ಜಾಸ್ತಿ ಆಗಿದೆ, ಹಳೇ ಗಾಡಿ ಕೊಳ್ಳಬಹುದೇ ಎಂದೂ ಕೆಲವರು ಕೇಳುತ್ತಾರೆ. 20 ಪರ್ಸೆಂಟ್ ಎಥನಾಲ್ ತಾಳುವ ಪೈಪು, ಸೀಲುಗಳನ್ನು ಹಾಕಿ ಗಾಡಿ ತಯಾರಿಸಲು ಶುರುವಾದದ್ದು 2023ರ ಏಪ್ರಿಲ್‌ನಿಂದ. 2015ರ ಗಾಡಿ ಅದಕ್ಕೆ ಮೊದಲಿನದು. ಮೈಲೇಜ್ ಸ್ವಲ್ಪ ಕಡಿಮೆಯಾಗುತ್ತದೆ. ಪೆಟ್ರೋಲ್ ಹರಿಯುವ ರಬ್ಬರ್ ಪೈಪುಗಳನ್ನು ಸರ್ವೀಸ್‌ನಲ್ಲಿ ಬಗ್ಗಿಸಿ ನೋಡಿಸಿ, ಬಿರುಕಿದ್ದರೆ ಬದಲಿಸಿ. ಇದೇ ಕಾರಣಕ್ಕೆ ಗಾಡಿ ಬಿಡಬೇಕಿಲ್ಲ.

ಹಾಗಾದರೆ ನಿಮ್ಮ ಮೂರರಲ್ಲಿ ನನ್ನ ಓಟು ವ್ಯಾಗನ್ ಆರ್‌ಗೆ. ಆದರೆ ಅಡ್ವಾನ್ಸ್ ಕೊಡುವ ಮೊದಲು ಒಂದು ವಾರ ತಡೆಯಿರಿ. ಅದೇ ದುಡ್ಡಿಗೆ 2015–17ರ ಏರ್‌ಬ್ಯಾಗ್ ಇರುವ ಪೆಟ್ರೋಲ್ ಸ್ವಿಫ್ಟ್, ಒಬ್ಬನೇ ಮಾಲೀಕನದು, ಚಿಂತಾಮಣಿ, ಗೌರಿಬಿದನೂರು ಕಡೆ ಸಿಗುತ್ತದೆಯೇ ವಿಚಾರಿಸಿ. ಸಿಕ್ಕರೆ ಅದು. ಇಲ್ಲದಿದ್ದರೆ ವ್ಯಾಗನ್ ಆರ್.

ನೋಡಲು ಹೋಗುವ ದಿನ ಬೆಳಿಗ್ಗೆ ಏಳು ಗಂಟೆಗೇ ಹೋಗಿ. ಹೋಗುತ್ತಿದ್ದಂತೆ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ, ಇನ್ನೊಂದು ದಿನ ಬರುತ್ತೇವೆ ಎಂದು ಎದ್ದು ಬನ್ನಿ. ತಣ್ಣಗಿದ್ದರೆ ರೇಡಿಯೇಟರ್ ಮುಚ್ಚಳ ತೆಗೆಸಿ, ಬೆರಳು ಅದ್ದಿ ನೋಡಿ. ಹಸಿರೋ ನೀಲಿಯೋ ಇರಬೇಕು. ಕೆಂಪು ಮಣ್ಣಿನ ಬಣ್ಣವೋ ಬಿಳಿ ಪುಡಿಯೋ ಇದ್ದರೆ ಮೀಟರ್ 20,000 ತೋರಿಸಿದರೂ ಬೇಡ. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆತ ಕಾಫಿಯಂಥ ಕೆನೆ ಇದ್ದರೂ ಬೇಡ. ಎಲ್ಲ ಸರಿ ಇದ್ದರೆ ಎಸಿ ಹಾಕಿ, ನಾಲ್ಕು ಜನ ಕೂತು, ನಂದಿ ಬೆಟ್ಟದ ಏರು ಹತ್ತಿಸಿ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಕ್ಲಚ್ ಮುಗಿದಿದೆ, ಆ ದುಡ್ಡು ಬೆಲೆಯಲ್ಲಿ ಇಳಿಸಿ. ಮೇಲೆ ತಲುಪಿದ ಮೇಲೆ ಎಂಜಿನ್ ಆಫ್ ಮಾಡಬೇಡಿ. ಐದು ನಿಮಿಷ ಹಾಗೇ ನಿಲ್ಲಿಸಿ, ಫ್ಯಾನ್ ತಿರುಗುತ್ತದೆಯೇ ಕೇಳಿಸಿಕೊಳ್ಳಿ, ಟೆಂಪರೇಚರ್ ದೀಪದ ಮೇಲೆ ಕಣ್ಣಿಡಿ. ಭಾವನವರನ್ನೂ ಕರೆದುಕೊಂಡು ಹೋಗಿ, ನಾಲ್ಕನೆಯವರು ಬೇಕಲ್ಲ.